ಊರಿಗೆ ಹೋದವರು

ಅಮೆರಿಕದ ಅಪಲಾಚಿಯನ್ ಬೆಟ್ಟಗಳ ನಡುವೆ ಒಂದು ಸಣ್ಣ ಕಲ್ಲಿದ್ದಲು ಊರು. ಅಲ್ಲಿನ ಕಪ್ಪು ಜನರ ಚರಿತ್ರೆಯನ್ನು ನಾನು ಕೇಳಿದ್ದು ದುಬೈಯ ಜುಮೇರಾ ಲೇಕ್ ಟವರ್ಸ್‌ನ ಕಚೇರಿಯೊಂದರಲ್ಲಿ, ಎಸಿಯ ಚಳಿಗೆ ಶಾಲು ಹೊದ್ದು, ಹೆಡ್‌ಫೋನ್ ಹಾಕಿಕೊಂಡು. ಕೆಲಸ ಮುಗಿದು ತಿಂಗಳುಗಳಾದವು. ಅದರ ಅಸಹ್ಯ ಮಾತ್ರ ಇನ್ನೂ ಬಾಯಿಯಿಂದ ಹೋಗಿಲ್ಲ. ಬರೆದರೆ ಹೋದೀತು ಎಂಬ ನಂಬಿಕೆಯೂ ನನಗಿಲ್ಲ. ನನ್ನ ನೆನಪು ಎಲ್ಲವನ್ನೂ ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುತ್ತಿದೆ ಎಂಬ ಅನುಮಾನ ಬಂದದ್ದರಿಂದ, ಅದು ಪೂರ್ತಿ ಕೆಡುವ ಮೊದಲು ಬರೆದಿಡುತ್ತಿದ್ದೇನೆ.

ರೆಕಾರ್ಡಿಂಗುಗಳಲ್ಲಿ ಹಲವರ ಧ್ವನಿ ಇತ್ತು, ಆದರೆ ಹೆಚ್ಚಿನ ಭಾಗ ಒಬ್ಬ ಅಜ್ಜಿಯದು. ತೊಂಬತ್ತರ ಹತ್ತಿರದವರು. ಅವರಿಗೆ ಬೇಕಾಗಿದ್ದದ್ದು ಒಂದೇ. ಅವರ ಚರ್ಚಿನ ಮೇಲಿನ ಇಳಿಜಾರಿನಲ್ಲಿ ಅವರ ತಾಯಿ, ಅಣ್ಣ, ನೆರೆಮನೆಗಳವರು ಮಣ್ಣಾಗಿದ್ದಾರೆ. ಕೆತ್ತಿದ ಕಲ್ಲುಗಳಿಲ್ಲ. ಪ್ರವಾಸಿಗಳ ಕಾರು ನಿಲ್ಲಿಸಲು ಆ ಇಳಿಜಾರಿನ ಅರ್ಧ ಭಾಗವನ್ನು ಸಮತಟ್ಟು ಮಾಡಿ ಡಾಂಬರು ಹಾಕಿ ಆಗಿತ್ತು. ಉಳಿದರ್ಧಕ್ಕೆ ಹಾಕುವ ಮೊದಲು, ಅಲ್ಲಿ ಮನುಷ್ಯರಿದ್ದಾರೆ ಎಂದು ಯಾರಾದರೂ ಬರೆದು ಹೇಳಬೇಕು. ಇದನ್ನು ಅವರು ರೆಕಾರ್ಡಿಂಗಿನಲ್ಲಿ ಹೇಳಿಯೇ ಇದ್ದರು. ಕೇಳುವುದಕ್ಕೆಂದೇ ಸಂಬಳ ತಿನ್ನುವ ನಮಗೆ ಅದು ಕೇಳಿಸಲಿಲ್ಲ.

ನಮ್ಮ ಕಂಪನಿಯದು ಬೇರೆಯವರ ಮಾತನ್ನು ಬರಹಕ್ಕೆ ಇಳಿಸುವ ಕೆಲಸ. ಡಾಕ್ಟರುಗಳ ಟಿಪ್ಪಣಿ, ಕಂಪನಿಗಳ ಮೀಟಿಂಗು, ಏನು ಬಂದರೂ ಸರಿ. ಈ ಕೆಲಸ ಬಂದದ್ದು ಅಬುಧಾಬಿಯ ಒಂದು ವಸ್ತುಪ್ರದರ್ಶನ ಕಂಪನಿಯಿಂದ. ಕಲ್ಲಿದ್ದಲು ಮುಗಿದ ಆ ಊರಿಗೆ ಈಗ ಪ್ರವಾಸಿಗಳು ಬೇಕು. ಅದಕ್ಕೊಂದು ಸಂದರ್ಶಕರ ಕೇಂದ್ರ, ಅದರೊಳಗೆ ಚಿತ್ರ, ಬರಹ, ಸಣ್ಣ ಫಿಲ್ಮುಗಳು. ಕಪ್ಪು ಜನರ ಬಗ್ಗೆಯೂ ಒಂದು ಗೋಡೆ. ಅಜ್ಜಿಯ ಮೊಮ್ಮಗಳು ಚರ್ಚಿನ ಹಿರಿಯರನ್ನು ಅವರವರ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಚರ್ಚು ಅದನ್ನು ಕೇಂದ್ರಕ್ಕೆ ಕೊಟ್ಟಿತು, ಕೇಂದ್ರ ಅಬುಧಾಬಿಗೆ ಕಳಿಸಿತು, ಅಬುಧಾಬಿ ನಮಗೆ.

ಕೆಲಸದ ಕ್ರಮ ಹೀಗೆ. ಮೊದಲು ಯಂತ್ರ ಒಂದು ಕರಡು ಮಾಡುತ್ತದೆ. ಅದನ್ನು ಮೊದಲ ಕೇಳುಗರು ಕೇಳುತ್ತಾ ತಿದ್ದಿ, ಕೊನೆಗೆ ಒಂದು ಪುಟದ ಸಾರಾಂಶ ಬರೆಯುತ್ತಾರೆ. ಎರಡನೆಯ ಕೇಳುಗರು ಮತ್ತೆ ಮೊದಲಿನಿಂದ ಕೇಳಿ, ಬರೆದದ್ದು ಸರಿಯಾಗಿದೆ ಎಂದು ಸಹಿ ಹಾಕುತ್ತಾರೆ. ಗೋಡೆಯ ಬರಹ ಬರೆಯುವವರಿಗೆ ರೆಕಾರ್ಡಿಂಗ್ ಕೇಳಲು ಪುರುಸೊತ್ತಿರುವುದಿಲ್ಲ. ಅವರು ಓದುವುದು ಸಾರಾಂಶ ಮಾತ್ರ. ಹಾಗಾಗಿ ಆ ಒಂದು ಪುಟವೇ ಎಲ್ಲ.

ಮೊದಲ ಕೇಳುಗರು ನನ್ನ ಪಕ್ಕದ ಮೇಜಿನವರು, ಬಂಟ್ವಾಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅವರ ಗಂಡ ಹೋಟೆಲಿನಲ್ಲಿ, ಮಗ ಹತ್ತನೇ ಕ್ಲಾಸಿನಲ್ಲಿ. ಎರಡನೆಯವಳು ನಾನು. ನಮ್ಮ ಮೇಲೆ ಉಡುಪಿ ಕಡೆಯ ಮ್ಯಾನೇಜರ್. ಅವರು ಆಕೆಯನ್ನು ತಮಾಷೆಗೆ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ, ‘ಬಾಯಮ್ಮ’ ಎಂದು ಕರೆದು ಕರೆದು ಈಗ ಇಡೀ ಕಚೇರಿಗೆ ಅವರು ಬಾಯಮ್ಮ. ಮೂವರೂ ಕರಾವಳಿಯವರಾದ್ದರಿಂದ ಕನ್ನಡ, ತುಳು, ಇಂಗ್ಲಿಷ್ ಕಲಸಿ ಮಾತಾಡುತ್ತೇವೆ.

ಮೊದಲ ವಾರ ನಗುವಿನಲ್ಲೇ ಕಳೆಯಿತು. ಆ ಬೆಟ್ಟದವರು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ‘ಹಾಲರ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಕಿರುಚುವುದು ಎಂದೂ ಅರ್ಥ. ಯಂತ್ರಕ್ಕೆ ಕಿರುಚುವುದು ಮಾತ್ರ ಗೊತ್ತಿತ್ತು.

“ಎಂತ ಜನ ಮಾರಾಯ್ತಿ ಇವರು,” ಎಂದು ಬಾಯಮ್ಮ ಹೆಡ್‌ಫೋನಿನ ಒಂದು ಕಿವಿ ಸರಿಸಿದರು. “ಕಿರುಚಾಟದಲ್ಲಿ ಹುಟ್ಟಿದ್ದಂತೆ, ಕಿರುಚಾಟದಲ್ಲಿ ಮದುವೆಯಾದದ್ದಂತೆ. ಈಗಲೂ ಮೂರು ಮನೆಯವರು ಕಿರುಚಾಟದಲ್ಲೇ ಇದ್ದಾರಂತೆ.”

“ನಮ್ಮ ಬಿಲ್ಡಿಂಗಿನ ಹಾಗೇ ಅಲ್ವಾ,” ಎಂದೆ.

ಅರ್ಥ ಗೊತ್ತಾದ ಮೇಲೆ ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದೆವು. ಇಂಥ ಏಳೆಂಟು ಶಬ್ದ ಹಿಡಿದ ಮೇಲೆ ಆ ಭಾಷೆ ನಮ್ಮ ಕೈಗೆ ಬಂತು ಎಂಬ ಧೈರ್ಯ ಬಂತು. ಕೆಟ್ಟದ್ದು ಅಲ್ಲೇ.

ಅಜ್ಜಿ ಹೇಳಿದ ಕಥೆಯಲ್ಲಿ ಅವರ ತಂದೆ ದಕ್ಷಿಣದ ಹತ್ತಿ ಹೊಲಗಳಿಂದ ರೈಲಿನಲ್ಲಿ ಬಂದವರು. ಗಣಿ ಕಂಪನಿಯ ಏಜೆಂಟ್ ಒಳ್ಳೆಯ ಮನೆ ಎಂದು ಹೇಳಿ ಕರೆತಂದಿದ್ದ. ದಾರಿಯಲ್ಲಿ ಯಾರೂ ಇಳಿದು ಓಡಬಾರದೆಂದು ಬೋಗಿಯ ಬಾಗಿಲಿಗೆ ಹೊರಗಿನಿಂದ ಬೀಗ. ಬಿಳಿಯರ ಮನೆಗಳು ಕೆಳಗೆ ಹೊಳೆಯ ಬದಿ, ಕಪ್ಪು ಜನರದು ಹೇಸರಗತ್ತೆಯೂ ಹತ್ತಲು ಹಠ ಮಾಡುವ ಎತ್ತರದಲ್ಲಿ. ಗಣಿಯೊಳಗೆ ನೀರು ನಿಲ್ಲುವ, ಮಂಡಿಯೂರಿಯೇ ಅಗೆಯಬೇಕಾದ ಜಾಗ ಇವರ ಪಾಲಿಗೆ. ಕಂಪನಿ ಎಸೆದ ಮರದ ಹಲಗೆಗಳಿಂದ ಚರ್ಚು ಕಟ್ಟಿಕೊಂಡರು. ಕೆಳಗಿನ ಸ್ಮಶಾನದಲ್ಲಿ ಇವರಿಗೆ ಜಾಗವಿಲ್ಲ. ಚರ್ಚಿನ ಮೇಲಿನ ಕಡಿದಾದ ಜಾಗ ಬೇರೆ ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ಕಂಪನಿ ಅದನ್ನು ಬಿಟ್ಟುಕೊಟ್ಟಿತು.

ಈ ಕೊನೆಯ ಎರಡು ಮಾತನ್ನು ನಾನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅಜ್ಜಿ ಹಾಗೆ ಹೇಳಿರಲಿಲ್ಲ. ‘ಸತ್ತರು’, ‘ಹೂಳಿದರು’, ‘ಸಮಾಧಿ’ ಎಂಬ ಶಬ್ದಗಳನ್ನು ಅವರು ಒಮ್ಮೆಯೂ ಆಡಲಿಲ್ಲ. ‘ಕೆಳಗೆ ನಮ್ಮವರನ್ನು ಸೇರಿಸುತ್ತಿರಲಿಲ್ಲ, ಅದಕ್ಕೇ ನಾವು ಮೇಲೆ’ ಎಂದರು. ಅಣ್ಣನ ಬಗ್ಗೆ ಹೇಳುವಾಗ ‘ಅವನ ಹೋಮ್‌ಗೋಯಿಂಗ್ ಆದ ಮೇಲೆ’ ಎಂದರು. ತಾಯಿಯದೂ ಹೋಮ್‌ಗೋಯಿಂಗ್, ಎದುರುಮನೆಯವರದೂ ಹೋಮ್‌ಗೋಯಿಂಗ್. ಈಗ ಎಲ್ಲರೂ ಎಲ್ಲಿದ್ದಾರೆ ಎಂದು ಮೊಮ್ಮಗಳು ಕೇಳಿದಾಗ ‘ಎಲ್ಲರೂ ಮೇಲಿದ್ದಾರೆ. ಅದನ್ನು ಬರೆದು ಹಾಕಿಸು. ಬ್ಲ್ಯಾಕ್‌ಟಾಪ್ ಬರುವ ಮೊದಲು’ ಎಂದರು.

ಗಲ್ಫಿನಲ್ಲಿ ಬದುಕುವವರಿಗೆ ‘ಹೋಮ್‌ಗೋಯಿಂಗ್’ ಅಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಪರಿಚಯದ ಎರಡನೆಯ ಪ್ರಶ್ನೆಯೇ ‘ಊರಿಗೆ ಯಾವಾಗ?’ ಎಂಬುದು. ಬಾಯಮ್ಮ ಒಂದು ಕ್ಷಣವೂ ತಡೆಯದೆ ಬರೆದರು: ಅಣ್ಣ ಊರಿಗೆ ಮರಳಿದ, ಕೆಲಕಾಲದ ನಂತರ ತಾಯಿಯೂ ಊರಿಗೆ ಮರಳಿದರು, ಒಂದೊಂದೇ ಕುಟುಂಬ ಊರಿಗೆ ಹೋಯಿತು, ಈಗ ಹೆಚ್ಚಿನವರು ಮೇಲೆ, ಎಂದರೆ ಉತ್ತರದ ನಗರಗಳಲ್ಲಿ, ಇದ್ದಾರೆ. ಡಾಂಬರಿಗೆ ಅಮೆರಿಕದವರು ಬ್ಲ್ಯಾಕ್‌ಟಾಪ್ ಎನ್ನುತ್ತಾರೆಂದು ಗೊತ್ತಿಲ್ಲದೆ ಅದನ್ನು ‘ಅಸ್ಪಷ್ಟ’ ಎಂದು ಗುರುತು ಹಾಕಿ ಬಿಟ್ಟರು. ಅವಸರವೆಂದು ಅಬುಧಾಬಿಯವರು ಪೀಡಿಸುತ್ತಿದ್ದುದರಿಂದ, ನಾನು ಕೇಳಿ ಮುಗಿಸುವ ಮೊದಲೇ ಮ್ಯಾನೇಜರ್ ಆ ಸಾರಾಂಶವನ್ನು ಕಳಿಸಿಬಿಟ್ಟರು. ಸಹಿ ಆಮೇಲೆ ಬಂದರೂ ನಡೆಯುತ್ತದೆ ಎಂದರು.

ನಾನು ಕೇಳುತ್ತಾ ಹೋದೆ. ತಾಯಿಯ ಭಾಗ ಬಂತು. ‘ಅಮ್ಮನ ಹೋಮ್‌ಗೋಯಿಂಗ್ ಎಷ್ಟು ಚೆನ್ನಾಗಿತ್ತು. ಹಿಮ ಬಿದ್ದಿತ್ತು. ಗಂಡಸರು ಅವಳನ್ನು ಹೊತ್ತುಕೊಂಡು ಹತ್ತಿದರು, ಒಬ್ಬ ಜಾರಿದ, ಆದರೂ ಕೈಬಿಡಲಿಲ್ಲ.’

ನಾನು ನಿಲ್ಲಿಸಿ ಕೇಳಿದೆ. “ಬಾಯಮ್ಮ, ಊರಿಗೆ ಹೋಗುವವರನ್ನು ಯಾಕೆ ಹೊತ್ತುಕೊಂಡು ಹೋಗ್ತಾರೆ?”

“ವಯಸ್ಸಾಗಿತ್ತಲ್ವಾ. ಕಾಲು ಸರಿ ಇರ್ಲಿಕ್ಕಿಲ್ಲ.”

“ಸ್ಟೇಷನ್ ಕೆಳಗೆ ಹೊಳೆ ಹತ್ತಿರ ಇರುವುದು. ಹೊತ್ತುಕೊಂಡು ಮೇಲೆ ಹತ್ತಿದ್ದು ಎಲ್ಲಿಗೆ?”

“ನಿನಗೆ ಎಲ್ಲದರಲ್ಲೂ ಒಂದು ಕೊಕ್ಕೆ. ಅಲ್ಲಿ ಮೇಲೆ ಬಸ್ಸು ಇದ್ದಿರಬಹುದು.”

ಆಗಲೇ ಅವರ ಫೋನ್ ಬಂತು. ಕೊಂಕಣಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿ ಇಟ್ಟರು. ಮುಖ ಸಪ್ಪಗಾಗಿತ್ತು.

“ಯಾರು?”

“ನಮ್ಮ ಇಗರ್ಜಿಯವನೇ ಒಬ್ಬ, ಒಟ್ಟಿಗೆ ಚರ್ಚಿಗೆ ಬರುವವ. ನಾಳೆ ಊರಿಗೆ ಹೋಗ್ತಾನೆ.”

“ರಜೆಯಾ, ಕ್ಯಾನ್ಸಲ್ಲಾ?” ಎಂದೆ. ವೀಸಾ ಮುಗಿಸಿ ಪೂರ್ತಿ ಹೋಗುವುದಕ್ಕೆ ನಾವು ಕ್ಯಾನ್ಸಲ್ ಎನ್ನುವುದು.

“ಎರಡೂ ಅಲ್ಲ ಮಾರಾಯ್ತಿ. ಹಾರ್ಟ್ ಅಟ್ಯಾಕ್. ಪೇಪರೆಲ್ಲ ಆಯ್ತಂತೆ, ಕಾರ್ಗೋದಲ್ಲಿ ಹಾಕ್ತಾರೆ.”

ನಾನು ಪರದೆ ನೋಡಿದೆ, ಅವರು ನನ್ನನ್ನು ನೋಡಿದರು, ಆಮೇಲೆ ಅವರೂ ಪರದೆ ನೋಡಿದರು.

ಹೀಗೆ ಹೊಳೆಯಿತು ಎಂದು ನಾನು ಯಾವಾಗಲೂ ಹೇಳುತ್ತೇನೆ. ಆದರೆ ನನ್ನ ಡೈರಿಯಲ್ಲಿ ಆ ಫೋನಿನ ವಿಷಯ ಇರುವುದು ಮರುದಿನದ ಪುಟದಲ್ಲಿ. ಬಹುಶಃ ಒಂದು ಇಡೀ ದಿನ ನನಗೆ ಏನೂ ಹೊಳೆದಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟದ್ದು ನನ್ನ ನೆನಪು. ಫೋನಿನ ಮಾತು ಆದದ್ದು ಮಾತ್ರ ಹೌದು, ಅದಕ್ಕೆ ಬಾಯಮ್ಮನೂ ಸಾಕ್ಷಿ.

ನಾನು ಎಲ್ಲ ರೆಕಾರ್ಡಿಂಗುಗಳಿಗೂ ವಾಪಸು ಹೋಗಿ ಆ ಶಬ್ದ ಬಂದ ಕಡೆಗಳನ್ನು ಒಂದಾದ ಮೇಲೊಂದು ಕೇಳಿದೆ. ಒಂದು ಕಡೆ ಪಾದ್ರಿ ಹೋಮ್‌ಗೋಯಿಂಗಿನಲ್ಲಿ ಬೋಧನೆ ಮಾಡುತ್ತಾನೆ. ಇನ್ನೊಂದು ಕಡೆ ಹೋಮ್‌ಗೋಯಿಂಗಿಗೆ ಹೆಂಗಸರು ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಮತ್ತೊಬ್ಬ ಮುದುಕ ಗಣಿ ಕುಸಿತದಲ್ಲಿ ಹೋದ ಚಿಕ್ಕಪ್ಪನ ಹೋಮ್‌ಗೋಯಿಂಗಿಗೆ ಪೆಟ್ಟಿಗೆ ಮುಚ್ಚಿಯೇ ಇಟ್ಟಿದ್ದರು ಎನ್ನುತ್ತಾನೆ. ಬಾಯಮ್ಮ ಅದನ್ನು ‘ಸೂಟ್‌ಕೇಸ್’ ಎಂದು ಅರ್ಥ ಮಾಡಿಕೊಂಡಿದ್ದರು. ನಗು ಬರಲಿಲ್ಲ. ಅಲ್ಲಿನ ಕಪ್ಪು ಜನರಿಗೆ ಹೋಮ್‌ಗೋಯಿಂಗ್ ಎಂದರೆ ಅಂತ್ಯಕ್ರಿಯೆ. ಅವರ ತಾತಮುತ್ತಾತಂದಿರನ್ನು ಗುಲಾಮರಾಗಿ ಕಿತ್ತು ತಂದ ಆಫ್ರಿಕಾದ ಊರು ಯಾವುದೆಂದು ಅವರಿಗೇ ಗೊತ್ತಿಲ್ಲ. ಸತ್ತಾಗ ಮಾತ್ರ ಊರಿಗೆ ಹೋದರು ಎನ್ನುತ್ತಾರೆ. ನಾವು ಅವರ ಸತ್ತವರಿಗೆಲ್ಲ ಟಿಕೆಟ್ ಮಾಡಿಸಿ ಊರಿಗೆ ಕಳಿಸಿಬಿಟ್ಟಿದ್ದೆವು.

ಮ್ಯಾನೇಜರ್ ಬಳಿ ಹೋದೆ.

“ಈಗ ಹೇಳುವುದಾ?” ಎಂದರು. “ಗೋಡೆ ಡಿಸೈನ್ ಅಪ್ರೂವ್ ಆಗಿ ಖಲಾಸ್. ನಿನ್ನ ಸಹಿ ಒಂದು ಬಾಕಿ.”

“ಸರ್, ಅವರು ಊರಿಗೆ ಹೋದದ್ದಲ್ಲ. ಸತ್ತದ್ದು.”

“ಹೇಗಾದ್ರೂ ಈಗ ಅಲ್ಲಿ ಇಲ್ಲ ಅಲ್ವಾ?”

“ಅಲ್ಲೇ ಇದ್ದಾರೆ ಸರ್. ವಿಷಯವೇ ಅದು.”

ಅವರು ಕೆನ್ನೆ ಉಜ್ಜಿಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ. “ಸರಿ, ನಾಡಿದ್ದು ಅಬುಧಾಬಿಗೆ ಹೋಗ್ಲಿಕ್ಕುಂಟು. ನೀನೂ ಬಾ. ನೀನೇ ಹೇಳು. ತಪ್ಪು ಅಂತ ಜೋರಾಗಿ ಹೇಳ್ಬೇಡ, ಸುಧಾರಣೆ ಅಂತ ಹೇಳು.”

ಆ ಕಂಪನಿಯ ಕಚೇರಿ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕಟ್ಟಡದಲ್ಲಿ. ಆ ಯೋಜನೆಯ ಮುಖ್ಯಸ್ಥ ಅಮೆರಿಕದವನು, ಐವತ್ತರ ಆಸುಪಾಸು, ಮೃದು ಮಾತು. ಖರ್ಜೂರ, ಕಾಫಿ ತರಿಸಿದ. ಗೋಡೆಯ ಮಾದರಿಯೊಂದನ್ನು ಒರಗಿಸಿಟ್ಟಿದ್ದರು. ಹೊಸ ಶಾಯಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಸಿ ಮೆತ್ತಿದ ಮುಖದ ಕಪ್ಪು ಗಣಿಗಾರನೊಬ್ಬ ನಗುತ್ತಿದ್ದಾನೆ. ಅವನ ತಲೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ: ಬಂದರು, ದುಡಿದರು, ಊರಿಗೆ ಮರಳಿದರು. ಪಕ್ಕದಲ್ಲಿ ಕೇಂದ್ರದ ನಕ್ಷೆ. ಚರ್ಚಿನ ಮೇಲಿನ ಇಳಿಜಾರಿನ ಮೇಲೆ ಒಂದಕ್ಕೊಂದು ಅಂಟಿದ ಸಣ್ಣ ಸಣ್ಣ ಆಯತಗಳು. ಕಾರಿಗೆ ಒಂದೊಂದು.

ನಾನು ಲ್ಯಾಪ್‌ಟಾಪಿನಲ್ಲಿ ತುಣುಕುಗಳನ್ನು ಕೇಳಿಸಿದೆ. ಹಿಮ, ಜಾರಿದ ಗಂಡಸು, ಮುಚ್ಚಿದ ಪೆಟ್ಟಿಗೆ. ಆ ಇಳಿಜಾರು ಸ್ಮಶಾನ ಎಂದೆ. ಅವನು ತಲೆದೂಗುತ್ತಾ ಪೂರ್ತಿ ಕೇಳಿದ.

“ಹೋಮ್‌ಗೋಯಿಂಗ್ ಅಂದರೇನು ಅಂತ ನನಗೆ ಗೊತ್ತು,” ಎಂದ. “ನಾನು ಆ ಬೆಟ್ಟದ ಆಚೆ ಬದಿಯಲ್ಲೇ ಹುಟ್ಟಿದವನು.”

“ಹಾಗಾದರೆ ನಮ್ಮ ಸಾರಾಂಶ ಓದಿದಾಗಲೇ ನಿಮಗೆ ತಪ್ಪು ಅಂತ ಗೊತ್ತಾಯಿತು.”

“ತಪ್ಪೆಲ್ಲಿದೆ? ಶಬ್ದ ಅವರದೇ. ಅಕ್ಷರಕ್ಕೆ ಅಕ್ಷರ ನೀವು ಬರೆದದ್ದೇ ಅದರ ಅರ್ಥ. ಚೆನ್ನಾಗಿಯೂ ಇದೆ, ಓದಿದವರಿಗೆ ಹಗುರವಾಗುತ್ತದೆ.” ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದ. “ಅಲ್ಲಿನವರಿಗೇ ಕೊಟ್ಟಿದ್ದರೆ ಸಾಲು ಸಾಲಿಗೆ ಅತ್ತು ರಂಪ ಮಾಡುತ್ತಿದ್ದರು. ನಿಮ್ಮ ಕೆಲಸ ಶುಚಿಯಾಗಿರುತ್ತದೆ. ಅದಕ್ಕೇ ನಿಮಗೆ ಕೊಟ್ಟದ್ದು.”

ಬಾಯಲ್ಲಿದ್ದ ಖರ್ಜೂರವನ್ನು ಬೀಜ ಉಗುಳುವವಳಂತೆ ಟಿಶ್ಯೂವಿಗೆ ಉಗುಳಿ ಮುದ್ದೆ ಮಾಡಿ ಕೈಯಲ್ಲೇ ಹಿಡಿದುಕೊಂಡೆ. ಅಂಟು ಅಂಟು. ನಮ್ಮ ಅಜ್ಞಾನವನ್ನು ಅವನು ಆರಿಸಿ ಕೊಂಡುಕೊಂಡಿದ್ದ. ಯಾರಿಗೆ ಗೊತ್ತಾಗುವುದಿಲ್ಲವೋ ಅವರ ಕೈಯಿಂದ ಬರೆಸಿ, ಅದರ ಮೇಲೆ ಅವರದೇ ಸಹಿ ಹಾಕಿಸಿ, ಡಾಂಬರಿಗೆ ಒಪ್ಪಿಗೆ ಕೊಡುವ ಊರ ಸಭೆಗೆ ಒಯ್ದು ಓದುವುದು. ಅವನು ಒಂದಕ್ಷರ ಸುಳ್ಳು ಬರೆದಂತೆಯೂ ಆಗುವುದಿಲ್ಲ.

ಹಿಂತಿರುಗುವಾಗ ಹೈವೇಯಲ್ಲಿ ಮ್ಯಾನೇಜರ್ ಕಾರು ಓಡಿಸಿದರು. ನನಗೆ ನನ್ನ ಕಿವಿಯ ಮೇಲೆಯೇ ಅನುಮಾನ ಹುಟ್ಟಿತ್ತು. “ಅವ ‘ಅದಕ್ಕೇ ನಿಮಗೆ ಕೊಟ್ಟದ್ದು’ ಅಂತ ಹೇಳಿದ್ದಲ್ವಾ ಸರ್?”

“ನಾನು ಕೇಳ್ಳಿಲ್ಲ ಮಾರಾಯ್ತಿ. ನಾನು ಕಾಫಿ ಕುಡೀತಿದ್ದೆ.”

“ಪಕ್ಕದಲ್ಲೇ ಕೂತಿದ್ರಲ್ಲ.”

“ಕಾಫಿ ಕುಡೀತಿದ್ದೆ ಅಂತ ಹೇಳಿದೆನಲ್ಲ.” ಸ್ವಲ್ಪ ದೂರ ಹೋದ ಮೇಲೆ ಅವರೇ ಎಂದರು, “ನಿನ್ನ ಅಜ್ಜಿಯಾ ಅವರು? ಅಲ್ಲ. ನನ್ನ ಅಜ್ಜಿಯಾ? ಅಲ್ಲ. ಯಲ್ಲಾ, ನಡಿ, ಸಹಿ ಹಾಕಿ ಮುಗಿಸು.”

ಹಾಕುವುದಿಲ್ಲ ಎಂದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಲಿಲ್ಲ. ಮರುದಿನ ಕಂಪ್ಯೂಟರ್ ತೆರೆದರೆ ಆ ಕೆಲಸದಲ್ಲಿ ಹೆಸರುಗಳು ತಿರುಗಿದ್ದವು. ಮೊದಲನೆಯವಳು ನಾನು, ಎರಡನೆಯವರು ಬಾಯಮ್ಮ. ಎಂದರೆ ‘ಊರಿಗೆ ಮರಳಿದರು’ ಎಂಬ ಸಾರಾಂಶ ಬರೆದವಳು ನಾನು. ಅದನ್ನು ಪುನಃ ಕೇಳಿ ಸರಿ ಎಂದವರು ಬಾಯಮ್ಮ. ಅವರ ಸಹಿ ಆಗಲೇ ಬಿದ್ದಿತ್ತು.

ಅವರು ನನ್ನ ಮುಖ ನೋಡಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು.

“ಹೇಳಿ ಬಾಯಮ್ಮ.”

“ಎಂತ ಹೇಳುವುದು? ಮಗನ ಹತ್ತನೇ ಕ್ಲಾಸು ಉಂಟು. ಅವನಿಗೆ ಸರಿಯಾಗಿ ಕನ್ನಡವೂ ಬರುವುದಿಲ್ಲ, ಕೊಂಕಣಿಯಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ರ ಕೊಡ್ತಾನೆ. ನನ್ನ ವೀಸಾ ಹೋದ್ರೆ ಅವನನ್ನು ಕರ್ಕೊಂಡು ಎಲ್ಲಿಗೆ ಹೋಗ್ಲಿ? ನೀನು ಒಬ್ಬಳೇ, ನಿನಗೆ ಸುಲಭ.”

“ಸುಲಭ ಅಂತ ಯಾರು ಹೇಳಿದ್ದು ನಿಮಗೆ?”

“ಮತ್ತೆ ಎಂತ, ಬಯ್ಯುವುದಾದ್ರೆ ಬಯ್ಯಿ. ಬೇಗ ಬಯ್ಯಿ, ನನಗೆ ಡಾಕ್ಟರ್ ಫೈಲ್ ಉಂಟು.”

ಬಯ್ಯಲಿಲ್ಲ. ನನಗೆ ಆಗ ಅವರನ್ನು ಕಂಡರೂ ಹೇಸಿಗೆಯಾಯಿತು. ದುಬೈಯ ಹಳೆಯ ಬಡಾವಣೆ ಸತ್ವಾದಲ್ಲಿದ್ದ ನನ್ನ ಕೋಣೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಗಾಜಿನಲ್ಲಿ ಕಂಡ ನನ್ನ ಮುಖದ ಮೇಲೂ ಆಯಿತು. ಅವರು ಹಾಕದಿದ್ದರೆ ಬೇರೆ ಯಾರಾದರೂ ಹಾಕುತ್ತಿದ್ದರು. ನನ್ನ ಸಹಿ ಉಳಿಸಿಕೊಂಡು ನಾನು ಮಾಡಿದ್ದೇನು? ಕೈ ತೊಳೆದುಕೊಂಡದ್ದು. ಅಜ್ಜಿಯ ಇಳಿಜಾರಿಗೆ ಅದರಿಂದ ಒಂದು ಹಿಡಿ ಮಣ್ಣಿನಷ್ಟೂ ಉಪಯೋಗವಿಲ್ಲ.

ಉಪಾಯ ಹೊಳೆದದ್ದು ಮಾರನೆಯ ದಿನ, ಬೇರೆ ಯಾವುದೋ ಕೆಲಸದ ಸಾರಾಂಶದಲ್ಲಿ ಒಂದು ತಾರೀಖು ತಿದ್ದುತ್ತಿದ್ದಾಗ. ನಮ್ಮಲ್ಲಿ ಕಳಿಸಿಯಾದ ಸಾರಾಂಶಕ್ಕೆ ತಿದ್ದುಪಡಿ ಕೊಡುವ ಅಧಿಕಾರ ಮೊದಲ ಕೇಳುಗರಿಗೆ ಮಾತ್ರ. ಎರಡನೆಯವರಿಗಿಲ್ಲ, ಮ್ಯಾನೇಜರಿಗೂ ಇಲ್ಲ. ತಿದ್ದುಪಡಿ ಒತ್ತಿದರೆ ಆ ಸಾರಾಂಶ ಯಾರು ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ತಾನಾಗಿ ಹೋಗುತ್ತದೆ. ರೆಕಾರ್ಡಿಂಗಿನ ಒಡೆಯರಿಗೂ ಒಂದು ಪ್ರತಿ. ಒಡೆಯರು ಎಂದರೆ ಆ ಚರ್ಚು. ಹೆಸರು ತಿರುಗಿಸಿ ನನ್ನನ್ನು ಸಿಕ್ಕಿಸಿದ್ದೇನೆ ಎಂದುಕೊಂಡ ಮ್ಯಾನೇಜರ್, ನನ್ನ ಕೈಯಲ್ಲಿ ಇಲ್ಲದ್ದನ್ನು ನನ್ನ ಕೈಗೆ ಕೊಟ್ಟಿದ್ದರು.

ತಿದ್ದುಪಡಿ ಬರೆಯಲು ಮಧ್ಯಾಹ್ನದ ಊಟದ ಸಮಯ ಪೂರ್ತಿ ಹಿಡಿಯಿತು. ಸಿಟ್ಟಿನ ಶಬ್ದ ಬಂದಲ್ಲೆಲ್ಲ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ಈ ರೆಕಾರ್ಡಿಂಗುಗಳಲ್ಲಿ ಹೋಮ್‌ಗೋಯಿಂಗ್ ಎಂದರೆ ಅಂತ್ಯಕ್ರಿಯೆ. ಮೇಲೆ ಎಂದರೆ ಚರ್ಚಿನ ಮೇಲಿನ ಇಳಿಜಾರು. ಬ್ಲ್ಯಾಕ್‌ಟಾಪ್ ಎಂದರೆ ಡಾಂಬರು. ಈ ಜನ ಊರು ಬಿಟ್ಟು ಹೋಗಿಲ್ಲ. ಅವರನ್ನು ಅಲ್ಲೇ ಹೂಳಲಾಗಿದೆ. ಮೊದಲಿನ ಸಾರಾಂಶ ತಪ್ಪು. ಕೆಳಗೆ ನನ್ನ ಹೆಸರು. ಪ್ರತಿ ಮಾತಿಗೂ ರೆಕಾರ್ಡಿಂಗಿನಲ್ಲಿ ಅದು ಬರುವ ಜಾಗ ಗುರುತಿಸಿದೆ. ಒತ್ತಿದೆ.

ಮ್ಯಾನೇಜರ್ ನನ್ನ ಮೇಜಿಗೆ ಬರುವಾಗ ಅವರ ಕಿವಿ ಕೆಂಪಾಗಿತ್ತು. “ನಿನಗೆ ಎಂತ ಬೇಕಿತ್ತು?”

“ನನ್ನ ಸಾರಾಂಶದಲ್ಲಿ ತಪ್ಪಿತ್ತು ಸರ್. ತಿದ್ದಿದೆ.”

“ನಿನ್ನ ಸಾರಾಂಶವಾ ಅದು?”

“ಹಾಗಂತ ನೀವೇ ಹಾಕಿದ್ದೀರಲ್ಲ.”

ಬಾಯಮ್ಮ ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತಿದ್ದರು. ಪರದೆಯಲ್ಲಿ ಏನೂ ಓಡುತ್ತಿರಲಿಲ್ಲ.

ಚರ್ಚಿಗೆ ಹೋದ ಪ್ರತಿ ನೋಡಿ ಅಜ್ಜಿಯ ಮೊಮ್ಮಗಳು ಫೋನ್ ಮಾಡಿದಳು. ನಾನು ಕೃತಜ್ಞತೆ ನಿರೀಕ್ಷಿಸಿದ್ದೆನೇ? ಇಲ್ಲವೆಂದು ಬರೆಯಲು ಆಸೆ, ಆದರೆ ನಿರೀಕ್ಷಿಸಿದ್ದೆ.

“ನೀವು ಯಾರು?” ಎಂದಳು. “ಅಜ್ಜಿಯ ಮಾತನ್ನು ದುಬೈಗೆ ಕಳಿಸಿದ್ದಾರೆ ಅಂತ ನಮಗೆ ಯಾರೂ ಹೇಳಲೇ ಇಲ್ಲ. ಊರ ಸಭೆಯಲ್ಲಿ ನಿಮ್ಮ ಕಾಗದ ಓದಿದರು. ಅವರೆಲ್ಲ ಹೊರಟುಹೋದರು ಅಂತ ನಿಮ್ಮ ಚರ್ಚಿನವರೇ ಹೇಳಿದ್ದಾರೆ ಅಂತ ನಮಗೆ ಅಂದರು. ಅಜ್ಜಿ ಎದ್ದು ನಿಂತು, ನಾನು ಹಾಗೆ ಹೇಳಿಲ್ಲ ಅಂದರು. ಹೇಳಿದ್ದೀರಿ, ಇದರಲ್ಲಿ ಇದೆ ಅಂತ ಸಭೆಯವರು ಅಂದರು. ಆವತ್ತಿನಿಂದ ಅಜ್ಜಿ, ನನ್ನ ತಲೆ ಕೆಟ್ಟಿದೆಯಾ, ನಾನೇ ಹಾಗೆ ಹೇಳಿಬಿಟ್ಟೆನಾ ಅಂತ ಕೇಳುತ್ತಲೇ ಇದ್ದಾರೆ.”

ಕ್ಷಮಿಸಿ ಎಂದೆ.

“ಕ್ಷಮೆ ಆಮೇಲೆ. ಮುಂದಿನ ಸಭೆಯಲ್ಲಿ ನಿಮ್ಮನ್ನೇ ಕೇಳುತ್ತಾರಂತೆ. ಬರುತ್ತೀರಾ?”

ಸಭೆ ಅವರ ಬೆಳಗ್ಗೆ, ನಮ್ಮ ಸಂಜೆ. ಸತ್ವಾದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಕೆಳಗಿನ ದರ್ಜಿ ಅಂಗಡಿಯ ಮಿಷನ್ ಸದ್ದು ಅವರಿಗೆ ಕೇಳಿಸಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದೆ. ಸಭೆಯ ಅಧ್ಯಕ್ಷೆ ಮೊದಲ ಸಾರಾಂಶವನ್ನು ಎತ್ತಿ ತೋರಿಸಿದಳು.

“ಇದನ್ನು ಬರೆದದ್ದು ನೀವೇ?”

ಅಲ್ಲ, ಹೆಸರು ತಿರುಗಿಸಿದರು ಎಂದರೆ ಅದು ನಿಜ. ಆದರೆ ಹಾಗೆಂದ ಕೂಡಲೇ ತಿದ್ದುಪಡಿಯ ಅಧಿಕಾರವೂ ನನ್ನದಲ್ಲವಾಗುತ್ತದೆ, ಅಲ್ಲಿಗೆ ಎಲ್ಲ ಕಾಗದಗಳೂ ಸುಳ್ಳಾಗುತ್ತವೆ, ಡಾಂಬರಿನ ಲಾರಿ ಹೊರಡುತ್ತದೆ.

“ನಾನೇ,” ಎಂದೆ. “ನಾನು ಆ ಶಬ್ದವನ್ನು ತಪ್ಪಾಗಿ ಕೇಳಿಸಿಕೊಂಡೆ. ನಾನಿರುವ ಕಡೆ ಎಲ್ಲರೂ ಯಾವಾಗಲೂ ಊರಿಗೆ ಹೋಗುವ ಮಾತನ್ನೇ ಆಡುತ್ತಾರೆ.”

ಸತ್ತವರ ಬಗ್ಗೆ ನಿಜ ಹೇಳಲು ಬದುಕಿರುವವರ ಬಗ್ಗೆ ಒಂದು ಸುಳ್ಳು. ಅದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿದ್ದೇನೆಂದರೆ, ಈಗ ಕೆಲವೊಮ್ಮೆ ಆ ಸಾರಾಂಶವನ್ನು ಟೈಪ್ ಮಾಡಿದ ನೆನಪೂ ಬೆರಳುಗಳಿಗಿದೆ. ಅದಕ್ಕೇ ಹೇಳಿದ್ದು, ನನ್ನ ನೆನಪನ್ನು ನಂಬಬೇಡಿ.

ಇಳಿಜಾರಿನಲ್ಲಿ ಇನ್ನೂ ಉಳಿದಿದ್ದ ಕೆಳಗಿನ ಅರ್ಧಕ್ಕೆ ಡಾಂಬರು ಹಾಕಬಾರದು, ಬೇಲಿ ಕಟ್ಟಿ ಸ್ಮಶಾನವೆಂದು ಬರೆಸಬೇಕು ಎಂದು ತೀರ್ಮಾನವಾಯಿತು. ಮೇಲಿನ ಅರ್ಧದ ಡಾಂಬರು ಹಾಗೇ ಇರಲಿ, ಮುಂದೆ ನೋಡೋಣ ಎಂದರು. ಕೇಂದ್ರದ ಗೋಡೆಯ ಬರಹವನ್ನು ತಿದ್ದುತ್ತಾರೆಂದು ನಾನು ಅಂದುಕೊಂಡಿದ್ದೆ. ತಿದ್ದಲಿಲ್ಲ. ಕಪ್ಪು ಜನರ ಗೋಡೆಯನ್ನೇ ಪೂರ್ತಿ ತೆಗೆದುಹಾಕಿ, ಅಲ್ಲಿ ಆ ಹೊಳೆಯ ಮೀನುಗಳ ಚಿತ್ರ ಹಾಕಿದರಂತೆ. ಅಬುಧಾಬಿಯ ಆ ಮುಖ್ಯಸ್ಥನಿಂದ ನಮ್ಮ ಕಂಪನಿಗೆ ಒಂದು ವಿನಯದ ಮೇಲ್ ಬಂತು, ಇನ್ನು ಮುಂದೆ ಕೆಲಸ ಬೇರೆ ಕಡೆ ಕೊಡುತ್ತೇವೆ ಎಂದು. ಎಲ್ಲಿ ಇನ್ನೂ ಗೊತ್ತಿಲ್ಲದವರು ಸಿಗುತ್ತಾರೋ ಅಲ್ಲಿ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ದಿನವಿಡೀ ಹಲ್ಲಿನ ಡಾಕ್ಟರುಗಳ ಟಿಪ್ಪಣಿಗೆ ಹಾಕಿದ್ದಾರೆ. ಬಾಯಮ್ಮ ಈಗಲೂ ಪಕ್ಕದಲ್ಲೇ ಕೂರುತ್ತಾರೆ. ಮಾತು ಮೊದಲಿನಷ್ಟು ಇಲ್ಲ.

ಮೊನ್ನೆ ಮೊಮ್ಮಗಳು ಒಂದು ಧ್ವನಿ ಸಂದೇಶ ಕಳಿಸಿದಳು. ಅವಳದಲ್ಲ, ಅಜ್ಜಿ ನನಗೆ ಹೇಳಿದ್ದು. ಊಟದ ಹೊತ್ತಿನಲ್ಲಿ ಕೇಳಿದೆ.

‘ಬೇಬಿ, ನಾನು ನಿನ್ನೆ ಮೇಲೆ ಹೋಗಿದ್ದೆ. ಅಮ್ಮ ಬೇಲಿಯ ಒಳಗಿದ್ದಾಳೆ, ಅವಳ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅಣ್ಣ ಇರುವುದು ಡಾಂಬರಿನ ಕಡೆ, ಆ ದೊಡ್ಡ ಮರದಿಂದ ಅಳೆದರೆ ನನಗೆ ಜಾಗ ಗೊತ್ತಾಗುತ್ತದೆ. ಹೋಗಿ ನೋಡಿದರೆ ಅವನ ಮೇಲೆ ಒಂದು ನೀಲಿ ಕಾರು. ಒಳಗೆ ಒಬ್ಬ ಮನುಷ್ಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಕಿಟಕಿ ತಟ್ಟಿದೆ. ನೀನು ನನ್ನ ಅಣ್ಣನ ಮೇಲೆ ನಿಲ್ಲಿಸಿದ್ದೀಯ, ಸ್ವಲ್ಪ ತೆಗೆಯಪ್ಪ ಅಂದೆ. ಪಾಪ, ತಿನ್ನುವುದನ್ನು ನಿಲ್ಲಿಸಿ ತೆಗೆದ. ಪಕ್ಕದ ಜಾಗಕ್ಕೆ ಹಾಕಲು ಹೋದವನು ತಲೆ ಹೊರಗೆ ಹಾಕಿ, ಇಲ್ಲಿ ಯಾರಿದ್ದಾರೆ ಅಂತ ಕೇಳಿದ. ಎದುರುಮನೆ ಹುಡುಗಿ, ಹನ್ನೊಂದು ವರ್ಷದವಳು ಅಂದೆ. ಅದರ ಪಕ್ಕ ಯಾರು ಅಂದ. ಅದನ್ನೂ ಹೇಳಿದೆ. ಆಮೇಲೆ ಅವನು ಕೇಳಲಿಲ್ಲ. ಕೆಳಗೆ ರಸ್ತೆಗೆ ಹೋಗಿ ನಿಲ್ಲಿಸಿ ನಡೆದುಕೊಂಡು ಹತ್ತಿ ಬಂದ.’